‘2,500 ಕೆಜಿ ತಡೆಯುತ್ತದೆ’ ಎಂಬ ಎಂಟರ ಆಕಾರದ ಬಳೆ: ಬಾವಿಗೆ ಇಳಿಯಲು ಇದು ಸಾಕೇ?

ಕಳೆದ ಬೇಸಿಗೆಯಲ್ಲಿ ಅರಸೀಕೆರೆ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಎಂಟರ ಆಕಾರದ ಲೋಹದ ಬಳೆಗೆ ಹಗ್ಗ ತೂರಿಸಿಕೊಂಡು ಯುವಕನೊಬ್ಬ ಬಂಡೆಯಿಂದ ಸರ್ರನೆ ಇಳಿಯುತ್ತಾನೆ. ಕೆಳಗೆ, ‘2,500 ಕೆಜಿ ತಡೆಯುತ್ತದೆ, ಬಾವಿ ಹೂಳೆತ್ತುವವರಿಗೆ ಶೇರ್ ಮಾಡಿ’ ಎಂಬ ಬರಹ. ‘ತೋಟದ ಬಾವಿಗೆ ಒಂದು ತರಿಸೋಣವಾ?’ ಎಂದು ಮಾವ ಕೇಳಿದರು. ಈ ಲೇಖನ ಅವರಿಗೆ ಕೊಟ್ಟ ಉತ್ತರದ ವಿಸ್ತೃತ ರೂಪ.

ಆ ಸಂಖ್ಯೆ ಸುಳ್ಳಲ್ಲ. ಇಂಥ ಬಳೆಗಳ ಮೇಲೆ 25 ಕಿಲೋನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚು ಎಂದು ಅಚ್ಚಾಗಿರುತ್ತದೆ, ಅಂದರೆ ಸುಮಾರು 2,500 ಕೆಜಿ ಭಾರ. ಆದರೆ ಅದು ಲೋಹ ಯಾವಾಗ ಮುರಿಯುತ್ತದೆ ಎಂಬುದರ ಲೆಕ್ಕ. ಇಳಿಯುವವರನ್ನು ತಡೆಯುವುದು ಲೋಹದ ಗಟ್ಟಿತನವಲ್ಲ, ಹಗ್ಗ ಲೋಹಕ್ಕೆ ಉಜ್ಜುವಾಗ ಹುಟ್ಟುವ ಘರ್ಷಣೆ ಮತ್ತು ಕೆಳಗಿನ ಹಗ್ಗವನ್ನು ಹಿಡಿದಿರುವ ಕೈ. ಕೈ ಬಿಟ್ಟರೆ ಬಳೆ ಮುರಿಯುವುದಿಲ್ಲ, ಮನುಷ್ಯ ಬೀಳುತ್ತಾನೆ.

ಹಾಗಾಗಿ ಮೊದಲು ನೋಡಬೇಕಾದ್ದು ಹಗ್ಗ. ಒಂದೇ ಸಾಧನದಲ್ಲಿ 11 ಮಿಲಿಮೀಟರ್ ಹಗ್ಗ ನಿಧಾನವಾಗಿ ಸರಿದರೆ, 9 ಮಿಲಿಮೀಟರ್‌ನ ಹೊಸ ನುಣುಪು ಹಗ್ಗ ಜಾರಿಕೊಂಡು ಹೋಗಬಹುದು. ಎಷ್ಟು ದಪ್ಪದ ಹಗ್ಗಕ್ಕೆ ಹೊಂದುತ್ತದೆ ಎಂದು ಸಾಧನದ ಮೇಲೋ ಜೊತೆಗಿನ ಕಾಗದದಲ್ಲೋ ಬರೆದಿರುತ್ತದೆ. ಆ ಮಾಹಿತಿಯೇ ಇಲ್ಲದ ಸಾಧನವನ್ನು ಕೊಳ್ಳಬೇಡಿ.

ಇನ್ನೊಂದು, ಬಿಸಿ. 70 ಕೆಜಿಯ ವ್ಯಕ್ತಿ 30 ಮೀಟರ್ ಇಳಿದರೆ ಸುಮಾರು 20,000 ಜೂಲ್ ಶಕ್ತಿ ಶಾಖವಾಗಬೇಕು. ಅರ್ಧ ಲೋಟ ಕಾಫಿಯಷ್ಟು ನೀರು ಕುದಿಸಲು ಅಷ್ಟು ಸಾಕು! ಅದರಲ್ಲಿ ಒಂದು ಪಾಲು ಬಳೆಗೆ ಏರುತ್ತದೆ. ಬೆಟ್ಟ ಹತ್ತುವವರ ನೈಲಾನ್ ಹಗ್ಗ ಕರಗಲು 200 ಡಿಗ್ರಿಗಿಂತ ಹೆಚ್ಚು ಬೇಕು. ಹಾರ್ಡ್‌ವೇರ್ ಅಂಗಡಿಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಗ್ಗ 160ರ ಆಸುಪಾಸಿನಲ್ಲೇ ಕರಗುತ್ತದೆ. ನಮ್ಮೂರ ತೆಂಗಿನ ನಾರಿನ ಹಗ್ಗ ಕರಗುವುದಿಲ್ಲ, ಆದರೆ ಒಳಗೊಳಗೇ ಕೊಳೆತಿದ್ದರೆ ಹೊರಗೆ ಗೊತ್ತಾಗುವುದಿಲ್ಲ.

ಎಂಟರ ಬಳೆ ಕೆಟ್ಟದ್ದೇನಲ್ಲ. ಸರಳ, ಅಗ್ಗ, ಬಿಸಿಯನ್ನೂ ಬೇಗ ಬಿಡುತ್ತದೆ. ಆದರೆ ಹಗ್ಗವನ್ನು ತಿರುಚುತ್ತದೆ, ಉದ್ದದ ಇಳಿಜಾರಿನಲ್ಲಿ ಅದು ಸಿಕ್ಕು ಸಿಕ್ಕಾಗುತ್ತದೆ. ಆಳದ ಗುಹೆಗಳಿಗೆ ಇಳಿಯುವವರು ‘ರ‍್ಯಾಕ್’ ಬಳಸುತ್ತಾರೆ: ಏಣಿಯಂತೆ ಜೋಡಿಸಿದ ಅಡ್ಡ ಕಂಬಿಗಳ ನಡುವೆ ಹಗ್ಗ ಹಾಯುತ್ತದೆ, ಕಂಬಿ ಹೆಚ್ಚು ಕಡಿಮೆ ಮಾಡಿ ವೇಗ ಹಿಡಿಯಬಹುದು. ಫ್ರಾನ್ಸಿನ ಪೆಟ್ಜ್ಲ್ ಕಂಪನಿಯ ‘ಸ್ಟಾಪ್’ನಂಥ ಸಾಧನಗಳು ಹಿಡಿ ಬಿಟ್ಟೊಡನೆ ನಿಲ್ಲುವಂತೆ ಮಾಡಿದವು. ಇದರಲ್ಲೂ ಒಂದು ತೊಡಕು: ಗಾಬರಿಯಾದ ಮನುಷ್ಯ ಕೈ ಬಿಡುವುದಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಹಿಡಿ ಒತ್ತಿದರೆ ಇಳಿಯುವ ಸಾಧನದಲ್ಲಿ ಹಾಗೆ ಮಾಡಿದರೆ ವೇಗ ಹೆಚ್ಚುತ್ತದೆ. ಅದಕ್ಕೇ ಕೆಲವು ಸಾಧನಗಳಲ್ಲಿ ಹಿಡಿಯನ್ನು ಅತಿಯಾಗಿ ಎಳೆದರೂ ಬೀಗ ಬೀಳುವ ವ್ಯವಸ್ಥೆ ಇರುತ್ತದೆ.

ಬೇಲೂರು ದಾಟಿ ಸಕಲೇಶಪುರದ ಕಡೆ ವಾರಾಂತ್ಯಕ್ಕೆ ಹೋಗಿ ಬಂಡೆ ಇಳಿಯುವವರು ಸಾಧನದ ಬ್ರ್ಯಾಂಡ್ ಕೇಳುವ ಬದಲು ಎರಡು ವಿಷಯ ಕೇಳಿ. ಮೇಲಿನಿಂದ ಇನ್ನೊಂದು ಸುರಕ್ಷತಾ ಹಗ್ಗ ಹಿಡಿಯುತ್ತಾರಾ? ಹಗ್ಗದ ತುದಿಗೆ ಗಂಟು ಹಾಕಿದ್ದಾರಾ? ಗಂಟಿಲ್ಲದ ತುದಿಯಿಂದ ಜಾರಿ ಬಿದ್ದವರಲ್ಲಿ ಅನುಭವಿಗಳೂ ಇದ್ದಾರೆ.

ಈಗ ಮಾವನ ಬಾವಿ. ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿಗೆ ಮೆಟ್ಟಿಲಿಳಿದೇ ಹೋಗಬಹುದು, ಮೇಲೆ ತೆರೆದ ಆಕಾಶ. ತೋಟದ ಹಳೆಯ ಬಾವಿ ಹಾಗಲ್ಲ. ಕಿರಿದು, ನೆಟ್ಟಗೆ, ಗಾಳಿಯಾಡದು. ಹೊರಗಿನ ಗಾಳಿಯಲ್ಲಿ ಸುಮಾರು 21% ಆಮ್ಲಜನಕವಿದ್ದರೆ, ಕೊಳೆತ ಎಲೆ, ಹೂಳಿರುವ ತಳದಲ್ಲಿ ಅದು ತೀರಾ ಕಡಿಮೆಯಿರಬಹುದು. 10%ಕ್ಕಿಂತ ಕೆಳಗಿಳಿದರೆ ಬೇಗ ಪ್ರಜ್ಞೆ ತಪ್ಪುತ್ತದೆ. ಆಗ ಎಂಟರ ಬಳೆ ಹಾಕಿದವನ ಕೈ ಸಡಿಲವಾಗಿ ಬೀಳುತ್ತಾನೆ. ತಾನೇ ನಿಲ್ಲುವ ಸಾಧನ ಹಾಕಿದವನು ಬೀಳುವುದಿಲ್ಲ, ಅದೇ ಗಾಳಿಯಲ್ಲಿ ತೂಗುತ್ತಾನೆ. ಈ ಸಾಧನಗಳೆಲ್ಲ ಇಳಿಯಲು ಮಾತ್ರ, ಮೇಲಕ್ಕೆ ಎತ್ತುವುದಿಲ್ಲ. ಅವನನ್ನು ಉಳಿಸಲು ಇನ್ನೊಬ್ಬ ಇಳಿದರೆ ಅವನಿಗೂ ಅದೇ ಗತಿ.

‘ದೀಪ ಇಳಿಸಿ ನೋಡುತ್ತೇವಲ್ಲ’ ಎಂದರು ಮಾವ. ದೀಪ ಆರಿದರೆ ಇಳಿಯಬಾರದು, ನಿಜ. ಆರದಿದ್ದರೆ ಕ್ಷೇಮ ಎಂದಲ್ಲ: ವಿಷಾನಿಲ ಇದ್ದರೂ ದೀಪ ಉರಿಯಬಲ್ಲದು, ಮೀಥೇನ್ ಇದ್ದರೆ ಬೆಂಕಿಯೇ ಹೊತ್ತಬಹುದು. ಬಾವಿಗೆ ಬೇಕಾದ್ದು ಅನಿಲ ಅಳೆಯುವ ಉಪಕರಣ, ಒಳಕ್ಕೆ ಗಾಳಿ ಊದುವ ವ್ಯವಸ್ಥೆ, ಬಾಯಿಗೆ ನಿಲ್ಲಿಸಿದ ಮುಕ್ಕಾಲಿ, ರಾಟೆ, ಮತ್ತು ಇಡೀ ಮೈಗೆ ಬಿಗಿದ ಪಟ್ಟಿಯಿಂದ ಮೇಲೆಳೆಯಬಲ್ಲ ಜನ. ಯಾರಾದರೂ ಒಳಗೆ ಬಿದ್ದಿದ್ದರೆ ಇಳಿಯಬೇಡಿ, 112ಕ್ಕೆ ಕರೆ ಮಾಡಿ.

ಮಾವ ಬಳೆ ತರಿಸಲಿಲ್ಲ. ವಿಡಿಯೊ ಮಾತ್ರ ಇನ್ನೂ ಎರಡು ಗುಂಪುಗಳಿಂದ ನನಗೆ ಬಂದಿದೆ.