ಹಳೆಯ ಮನೆಯನ್ನು ಕೆಡಹುವ ಮುನ್ನ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲದ ಹಳೆಯ ಬೀದಿಗಳಲ್ಲಿ, ಎರಡನೆಯ ಮಹಾಯುದ್ಧದ ನಂತರದ ಎರಡು-ಮೂರು ದಶಕಗಳಲ್ಲಿ ಕಟ್ಟಿದ ಸಾಧಾರಣ ಮನೆಗಳು ಇಂದಿಗೂ ಉಳಿದಿವೆ. ಮುಂದೆ ಜಗುಲಿ ಅಥವಾ ಅಂಗಡಿ, ಒಳಗೆ ನಡುಮನೆ, ಹಿತ್ತಲಿನಲ್ಲಿ ಬಚ್ಚಲು, ಮೇಲೆ ಮಂಗಳೂರು ಹೆಂಚು. ವರ್ತಕ ಬಂಧುಗಳಲ್ಲಿ ಅನೇಕರಿಗೆ ಇಂತಹ ಮನೆಗಳು ಪಿತ್ರಾರ್ಜಿತವಾಗಿ ಬಂದಿವೆ. ಇವುಗಳನ್ನು ಕೆಡವಿ ಆರ್.ಸಿ.ಸಿ. ಕಟ್ಟಡ ಕಟ್ಟುವುದೊಂದೇ ಮಾರ್ಗವೆಂಬ ಭಾವನೆ ಬೇರೂರಿದೆ. ಇದು ಮರುಚಿಂತನೆಗೆ ಅರ್ಹವಾದ ವಿಷಯ.

ಅಂದು ಸಿಮೆಂಟು ಸರ್ಕಾರಿ ನಿಯಂತ್ರಣದ ಸರಕಾಗಿತ್ತು. ಆ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ತೆರವಾಯಿತು. ಆದ್ದರಿಂದ ಅಂದಿನ ಅನೇಕ ಗೋಡೆಗಳನ್ನು ಮಣ್ಣು ಅಥವಾ ಸುಣ್ಣದ ಗಾರೆಯಿಂದ ಕಟ್ಟಲಾಗಿದೆ. ಅವು ನೆಲದ ತೇವವನ್ನು ಹೀರಿ ಹೊರಕ್ಕೆ ಬಿಡುತ್ತವೆ. ಅವುಗಳ ಮೇಲೆ ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಉಳಿದು ಗೋಡೆ ಉಬ್ಬಿ ಉದುರುತ್ತದೆ. ನಾಲೆಯ ನೀರಾವರಿಯಿಂದ ನೆಲ ಸದಾ ತಂಪಾಗಿರುವ ಕಡೆ ಈ ತೊಂದರೆ ಹೆಚ್ಚು. ಹೀಗೆ ಎಷ್ಟೋ ಬಾರಿ ದೋಷವಿರುವುದು ಗೋಡೆಯಲ್ಲಲ್ಲ, ದುರಸ್ತಿಯ ಕ್ರಮದಲ್ಲಿ.

ಇಂದಿನ ಬದುಕಿಗೆ ಬೇಕಾದ ಅನುಕೂಲಗಳನ್ನು ಹಳೆಯ ಮನೆಯಲ್ಲಿಯೂ ಒದಗಿಸಬಹುದು. ಮೊದಲು ಹೆಂಚು ಇಳಿಸಿ, ಗೆದ್ದಲು ಹಿಡಿದ ರೀಪರುಗಳನ್ನು ಬದಲಿಸಬೇಕು. ಬೆಳಕಿಗಾಗಿ ಅಲ್ಲಲ್ಲಿ ಗಾಜಿನ ಹೆಂಚು ಇರಿಸಬೇಕು. ಕೆಲವು ದೀಪಗಳಿಗಾಗಿ ಎಳೆದ ಹಳೆಯ ತಂತಿಯ ಮೇಲೆ ಗೀಸರ್, ಫ್ರಿಜ್, ಪಂಪುಗಳ ಹೊರೆ ಹೇರುವುದು ಅಪಾಯಕರ. ಹೊಸ ವೈರಿಂಗ್, ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಅನಿವಾರ್ಯ. ವೃದ್ಧರಿಗಾಗಿ ಶೌಚಾಲಯವನ್ನು ಮನೆಯೊಳಗೆ ತರುವಾಗ ಅದನ್ನು ಹಿಂಭಾಗದ ಒಂದೇ ಮೂಲೆಗೆ ಸೀಮಿತಗೊಳಿಸಿದರೆ ಉಳಿದ ಗೋಡೆಗಳಿಗೆ ನೀರು ತಾಗದು.

ಶ್ರೀರಂಗಪಟ್ಟಣದವರು ಇನ್ನೊಂದು ಅಂಶವನ್ನು ಗಮನಿಸಬೇಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಮುಂದಿನ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ನಿಷೇಧಿತ ವಲಯದಲ್ಲಿ 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅವಸರದಿಂದ ಕೆಡವಿದರೆ ಮನೆಯೂ ಹೋಗಿ, ನಿವೇಶನವೂ ನಿರುಪಯುಕ್ತವಾದೀತು.

ವ್ಯಾಪಾರದ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸೋಣ. ಹೊಸ ಕಟ್ಟಡದ ವೆಚ್ಚದಲ್ಲಿ ದೊಡ್ಡ ಪಾಲು ದೂರದ ಸಿಮೆಂಟು, ಕಬ್ಬಿಣದ ಕಾರ್ಖಾನೆಗಳಿಗೆ ಸಲ್ಲುತ್ತದೆ. ದುರಸ್ತಿಯ ಹಣ ಮುಖ್ಯವಾಗಿ ನಮ್ಮೂರಿನ ಗಾರೆಯವರು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳ ಕೈಸೇರಿ, ನಮ್ಮ ಅಂಗಡಿಗಳಲ್ಲಿಯೇ ಖರ್ಚಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಸ್ವಾಗತಾರ್ಹವೇ. ಆದರೆ ಅದು ಗಟ್ಟಿಯಾದ ಮನೆಯನ್ನು ಕೆಡಹಲು ಕಾರಣವಾಗಬಾರದು.

ಎಲ್ಲ ಹಳೆಯ ಮನೆಗಳೂ ಉಳಿಯಲಾರವು. ತಳಪಾಯ ಕುಸಿದ, ಗೋಡೆ ವಾಲಿದ ಮನೆಯನ್ನು ಮಮಕಾರಕ್ಕಾಗಿ ಉಳಿಸಿಕೊಳ್ಳುವುದು ವಿವೇಕವಲ್ಲ. ಆದರೆ ಆ ತೀರ್ಮಾನವನ್ನು ನುರಿತ ಇಂಜಿನಿಯರ್ ಪರೀಕ್ಷಿಸಿ ಹೇಳಬೇಕೇ ಹೊರತು, ಕೆಡಹುವ ಗುತ್ತಿಗೆದಾರರಲ್ಲ.

ಸುಣ್ಣದ ಗಾರೆಯ ಕೆಲಸ ಬಲ್ಲವರು ವಿರಳವಾಗುತ್ತಿದ್ದಾರೆ. ನಾಲ್ಕೂ ತಾಲ್ಲೂಕುಗಳ ವರ್ತಕ ಸಂಘಗಳು ಅಂತಹ ಕುಶಲಕರ್ಮಿಗಳ ಪಟ್ಟಿ ತಯಾರಿಸಿ, ಯುವಕರಿಗೆ ತರಬೇತಿ ಕೊಡಿಸಲಿ. ಕಟ್ಟಡ ಸಾಮಗ್ರಿ ವ್ಯಾಪಾರಿಗಳು ಸುಣ್ಣ, ಹೆಂಚು, ರೀಪರುಗಳ ದಾಸ್ತಾನು ಇರಿಸಲಿ. ಬೇಡಿಕೆ ನಮ್ಮ ಬೀದಿಗಳಲ್ಲಿಯೇ ಇದೆ. ಅದನ್ನು ಪೂರೈಸುವ ಹೊಣೆ ನಮ್ಮದು.