ಟ್ರಂಕಿನಲ್ಲಿರುವ ಪ್ರಮಾಣಪತ್ರ

ಈ ವಾರದ ಅಂಚೆಯಲ್ಲಿ ಸಿಂಧನೂರಿನಿಂದ ಬಂದ ಒಂದು ಕಾಗದ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸಿ ಮುಂದೆ ಬಂದು ಕುಳಿತಿದೆ. ಬರೆದ ಸೋದರಿಯ ಹೆಸರನ್ನು, ಅವರ ಇಚ್ಛೆಯಂತೆ, ಇಲ್ಲಿ ಹೇಳುವುದಿಲ್ಲ. ಹುಟ್ಟಿದ್ದು ಮಸ್ಕಿಯ ಹತ್ತಿರದ ಒಂದು ಹಳ್ಳಿಯಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿ ಕಟ್ಟಡದ ಕೆಲಸ ಅರಸಿಕೊಂಡು ಬೆಂಗಳೂರು ಸೇರಿದರು. ಓದೆಲ್ಲ ಅಲ್ಲಿಯೇ ಆಯಿತು. ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣ ಮುಗಿಸಿದ ವರ್ಷವೇ ಮದುವೆಯಾಗಿ ಸಿಂಧನೂರಿಗೆ ಬಂದಿದ್ದಾರೆ. ಬಂದು ಐದು ತಿಂಗಳಾಯಿತು. ಪ್ರಮಾಣಪತ್ರ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದಾಗ, “ಅನುಭವವಿಲ್ಲ, ಆರು ತಿಂಗಳು ಕಲಿಯುವುದಕ್ಕೆಂದು ಬನ್ನಿ, ಏಳು ಸಾವಿರ ಕೊಡೋಣ, ಮೂಲ ಪತ್ರಗಳು ನಮ್ಮಲ್ಲಿರಲಿ” ಎಂದರಂತೆ. ಮನೆಯಲ್ಲಿ ಅತ್ತೆಯವರಿಗೆ ರಾತ್ರಿ ಪಾಳಿಯ ಮಾತು ಹಿಡಿಸಿಲ್ಲ. “ಈ ಊರಿಗೆ ನಾನು ಹೊಸಬಳು, ನನ್ನನ್ನು ಯಾರು ಕರೆದು ಕೆಲಸ ಕೊಟ್ಟಾರು?” ಎಂದು ಕಾಗದ ಮುಗಿಯುತ್ತದೆ.

‘ಹೊಸಬಳು’ ಎಂಬ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಸಿಂಧನೂರಿನಲ್ಲಿ ನಿಂತು ಆ ಮಾತನ್ನಾಡಿದರೆ ಊರೇ ನಕ್ಕೀತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತು, ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ, ಜೋಳ ಬೆಳೆಯುತ್ತಿದ್ದ ಕಪ್ಪು ನೆಲ ಭತ್ತದ ಗದ್ದೆಯಾಯಿತು. ನೀರಿನ ಬೆನ್ನಿಗೇ ಆಂಧ್ರದ ಕಡೆಯ ರೈತರು ಬಂದು ಭೂಮಿ ಹಿಡಿದರು. ಅವರು ನೆಲೆಸಿದ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂಬುದು ಇಂದಿಗೂ ಅಂಟಿಕೊಂಡಿದೆ. ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೂ ಸರ್ಕಾರ ಈ ತಾಲ್ಲೂಕಿನಲ್ಲಿಯೇ ನೆಲೆ ಕೊಟ್ಟಿತು. ಅಷ್ಟೇಕೆ, ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು. ಅವರೂ ಹೊರಗಿನಿಂದ ಬಂದವರೇ. ಬಂದವರಿಂದಲೇ ಬೆಳೆದ ಸೀಮೆಯಲ್ಲಿ ಬಂದವಳೆಂಬ ಅಳುಕು ಏತಕ್ಕೆ?

ಇನ್ನು ಕಾನೂನಿನ ದೃಷ್ಟಿಯಿಂದ ನೋಡಿದರೆ ಸೋದರಿ, ನೀವು ಹೊಸಬರೇ ಅಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿ 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯನ್ನು ಕೇಳಿಯೇ ಇರುತ್ತೀರಿ. ಆಗ ಹೈದರಾಬಾದ್ ಕರ್ನಾಟಕವೆಂದೂ 2019ರಿಂದ ಕಲ್ಯಾಣ ಕರ್ನಾಟಕವೆಂದೂ ಹೆಸರಾದ ಈ ಪ್ರದೇಶಕ್ಕೆ ‘ಹುಟ್ಟಿನಿಂದ ಅಥವಾ ವಾಸದಿಂದ’ ಸೇರಿದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲು ದೊರೆಯುತ್ತದೆ. ಹುಟ್ಟಿನಿಂದ ಎಂಬ ಮಾತನ್ನು ಗಮನಿಸಿ. ನೀವು ಬೆಂಗಳೂರಿನಲ್ಲಿ ಬೆಳೆದಿರಬಹುದು, ಮಾತಿನಲ್ಲಿ ಬೆಂಗಳೂರಿನ ವರಸೆ ಬಂದಿರಬಹುದು; ಹುಟ್ಟಿದ ಊರು ಮಾತ್ರ ಮಸ್ಕಿಯ ಮಗ್ಗುಲಿನದೇ. ಈ ಪ್ರದೇಶದೊಳಗಿನ ‘ಸಿ’ ಗುಂಪಿನ ಸ್ಥಳೀಯ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಶುಶ್ರೂಷಕಿಯರ ಹುದ್ದೆ ಆ ಗುಂಪಿನದು. ಇದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು; ನಿಮ್ಮ ಭಾಗಕ್ಕೆ ಅವರ ಕಚೇರಿ ಇರುವುದು ಲಿಂಗಸುಗೂರಿನಲ್ಲಿ. ಸಿಂಧನೂರಿನಿಂದ ಹೊರಟ ಬಸ್ಸು ಮಸ್ಕಿಯ ಮೇಲೆಯೇ ಲಿಂಗಸುಗೂರಿಗೆ ಹೋಗುತ್ತದೆ. ಜನನದ ದಾಖಲೆ, ಶಾಲೆಯ ದಾಖಲೆ, ಹಳ್ಳಿಯಲ್ಲಿ ತಂದೆಯವರ ಹೆಸರಿನ ಹಳೆಯ ಕಾಗದಗಳೇನಾದರೂ ಇದ್ದರೆ ಅವು, ಎಲ್ಲವನ್ನೂ ಕೂಡಿಸಿಕೊಂಡು ಈ ತಿಂಗಳಿನಲ್ಲಿಯೇ ಅರ್ಜಿ ಹಾಕಿರಿ. ಹುದ್ದೆಯ ಪ್ರಕಟಣೆ ಬಂದ ಮೇಲೆ ಓಡಾಡುವವರು ಬಹಳ ಮಂದಿ; ಅಷ್ಟರಲ್ಲಿ ಕೊನೆಯ ತಾರೀಕು ಕಳೆದಿರುತ್ತದೆ.

ಪತ್ರ ಸಿಕ್ಕಮಾತ್ರಕ್ಕೆ ಹುದ್ದೆ ಸಿಕ್ಕಿತೆಂದು ತಿಳಿಯಬಾರದು. ಅಂಕಗಳ ಸ್ಪರ್ಧೆ ಆಗಲೂ ಇದ್ದೇ ಇರುತ್ತದೆ. ಖಾಯಂ ನೇಮಕಾತಿ ರಾಜ್ಯದ ಮಟ್ಟದಲ್ಲಿ ನಡೆಯುವಂಥದು, ವರ್ಷಗಳ ಅಂತರದಲ್ಲಿ ಬರುವಂಥದು. ಅದಕ್ಕಾಗಿ ಕಾಯುತ್ತ ಸುಮ್ಮನೆ ಕುಳಿತವರ ಕೈಯ ಪಳಗಿಕೆ ತಪ್ಪಿಹೋಗುತ್ತದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ರಾಯಚೂರಿನ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ಆಗಾಗ ಪ್ರಕಟಣೆ ಹೊರಡುತ್ತದೆ. ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳ ಫಲಕಗಳ ಮೇಲೆಯೂ ಕಣ್ಣಿಡಿರಿ. 2007ರಲ್ಲಿ ಆರಂಭವಾದ ರಾಯಚೂರಿನ ಸರ್ಕಾರಿ ವೈದ್ಯಕೀಯ ಸಂಸ್ಥೆ ಇದೆಯಾದರೂ, ಮದುವೆಯಾದ ಹೊಸದರಲ್ಲಿ ದಿನವೂ ಅಷ್ಟು ದೂರ ಹೋಗಿ ಬರುವುದು ಆಗದ ಮಾತು.

ಇದೆಲ್ಲದಕ್ಕೂ ಮೊದಲು ಒಂದು ಪ್ರಶ್ನೆ. ಪರೀಕ್ಷಾ ಮಂಡಳಿಯ ಅಂಕಪಟ್ಟಿ ಬಂದ ಮೇಲೆ ಬೆಂಗಳೂರಿನ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಿರೋ ಇಲ್ಲವೋ? ನಿಮ್ಮ ಕಾಗದದಲ್ಲಿ ಅದರ ಸುದ್ದಿಯಿಲ್ಲ. ತೇರ್ಗಡೆಯಾದುದೇ ನೋಂದಣಿಯೆಂದು ಎಣಿಸಿಕೊಂಡಿರುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ನೋಂದಣಿಯ ಸಂಖ್ಯೆಯಿಲ್ಲದವಳು ಎಷ್ಟೇ ಜಾಣೆಯಾದರೂ ಕಾಯಿದೆಯ ಕಣ್ಣಿಗೆ ದಾದಿಯಲ್ಲ. ರಾಜ್ಯದೊಳಗೇ ಊರು ಬದಲಿಸಿದ ನಿಮಗೆ ಇದನ್ನು ಮತ್ತೆ ಮಾಡಿಸಬೇಕಾದ ತೊಡಕಿಲ್ಲ. ಬೇರೆ ರಾಜ್ಯದಲ್ಲಿ ನೋಂದಾಯಿಸಿ ಬಂದವರು ಅಲ್ಲಿಯ ಪರಿಷತ್ತಿನ ನಿರಾಕ್ಷೇಪಣಾ ಪತ್ರ ತರಬೇಕಾಗುತ್ತದೆ. ಮದುವೆಯ ನಂತರ ಹೆಸರಿನ ಮುಂದಿನ ಅಕ್ಷರ ಬದಲಿಸುವ ಉತ್ಸಾಹವನ್ನೂ ಸ್ವಲ್ಪ ತಡೆಹಿಡಿಯಿರಿ. ಒಂದು ಕಾಗದದಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಎಂದಾದರೆ ಗುಮಾಸ್ತರ ಮೇಜಿನ ಮುಂದೆ ನಿಲ್ಲುವವರು ನೀವು.

ಈಗ ಆ ಏಳು ಸಾವಿರದ ಮಾತು. ‘ಅನುಭವವಿಲ್ಲ’ ಎಂಬುದು ಅರ್ಧ ಸತ್ಯ. ಶಿಕ್ಷಣದ ಕಾಲದಲ್ಲಿ ನೀವು ವಾರ್ಡುಗಳಲ್ಲಿ ದುಡಿದಿದ್ದೀರಿ, ಹೆರಿಗೆ ಮಾಡಿಸಿದ್ದೀರಿ, ಅವುಗಳ ವಿವರ ಬರೆದು ಮೇಲಿನವರ ರುಜು ಹಾಕಿಸಿದ ಪುಸ್ತಕವೂ ನಿಮ್ಮಲ್ಲಿದೆ. ರದ್ದಿಗೆ ಹಾಕದೆ ಅದನ್ನು ಸಂದರ್ಶನಕ್ಕೆ ಕೊಂಡೊಯ್ಯಿರಿ. ಸಿಂಧನೂರಿನಂಥ ಪೇಟೆಯ ಆಸ್ಪತ್ರೆಗಳಲ್ಲಿ ಹೆರಿಗೆಯ ಕೆಲಸ ಬಲ್ಲ ದಾದಿಗಿರುವ ಬೆಲೆ ಅವರಿಗೂ ಗೊತ್ತು. ನಿಮಗೆ ಗೊತ್ತಿಲ್ಲವೆಂದು ಅವರು ನಂಬಿದ್ದಾರೆ, ಅಷ್ಟೆ. ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, ಐವತ್ತಕ್ಕಿಂತ ಕಡಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದೆಂದು ಹೇಳಿತು. ಅದು ಶಿಫಾರಸು, ಜಾರಿಗೆ ತರುವುದು ರಾಜ್ಯಗಳ ಹೊಣೆ. ಕೇರಳ 2018ರಲ್ಲಿ ಅದನ್ನೇ ಕನಿಷ್ಠ ವೇತನವಾಗಿ ಗೊತ್ತುಪಡಿಸಿತು. ನಿಮ್ಮ ಊರಿನಲ್ಲಿ ಆ ಅಂಕಿಯನ್ನು ಹಿಡಿದು ಕುಳಿತರೆ ಕೆಲಸ ಸಿಗಲಾರದೆಂಬುದನ್ನು ನಾನು ಬಲ್ಲೆ. ಆದರೂ ಚೌಕಾಸಿ ಎಲ್ಲಿಂದ ಆರಂಭವಾಗಬೇಕೆಂಬುದು ತಿಳಿದಿರಲಿ. ಹತ್ತು ಜನ ಕೆಲಸಗಾರರಿರುವಲ್ಲಿ ಇ.ಎಸ್.ಐ., ಇಪ್ಪತ್ತು ಜನರಿರುವಲ್ಲಿ ಭವಿಷ್ಯನಿಧಿ ಇರಬೇಕೆಂಬುದನ್ನೂ ಕೇಳಿನೋಡಿರಿ. ಕೇಳುವ ದಾದಿಯನ್ನು ಕಂಡರೆ ಕೆಲವು ಮಾಲೀಕರಿಗೆ ಮುನಿಸು ಬರುತ್ತದೆ. ಅಂಥವರ ಮುನಿಸನ್ನು ಮೊದಲ ದಿನವೇ ಕಂಡುಕೊಳ್ಳುವುದು ಲಾಭವೇ.

ಮೂಲ ಪತ್ರಗಳನ್ನು ಮಾತ್ರ ಯಾರ ಕೈಯಲ್ಲೂ ಇಡಬೇಡಿ. ತೋರಿಸಿರಿ, ಅವರ ಎದುರಿಗೇ ನಕಲಿನೊಡನೆ ಹೋಲಿಸಲಿ, ಅಲ್ಲಿಯೇ ವಾಪಸು ಪಡೆಯಿರಿ. ಕಾಗದ ಅವರ ಬೀರುವಿನಲ್ಲಿದ್ದರೆ ನಾಳೆ ಸರ್ಕಾರಿ ಪ್ರಕಟಣೆ ಬಂದಾಗ ದಾಖಲೆ ಪರಿಶೀಲನೆಗೆ ನೀವು ಏನನ್ನು ತೋರಿಸುತ್ತೀರಿ? ಸೀರೆಗಳ ಕೆಳಗಿರುವುದೇ ಅದಕ್ಕಿಂತ ಕ್ಷೇಮ!

ಅತ್ತೆಯವರೂ ಈ ಪುಟವನ್ನು ಓದುತ್ತಾರೆಂದು ಸೋದರಿ ಬರೆದಿದ್ದಾರೆ. ಆದ್ದರಿಂದ ಅಮ್ಮಾ, ತಮ್ಮಲ್ಲಿಯೂ ಒಂದು ಮಾತು. ರಾತ್ರಿಯ ಕೆಲಸವೆಂದರೆ ತಮಗೆ ಆತಂಕವಾಗುವುದು ಸಹಜ. ಮನೆಯ ಹೆಣ್ಣುಮಗಳ ಮೇಲಿನ ಅಕ್ಕರೆಯಿಂದಲೇ ಅದು ಹುಟ್ಟಿದೆ. ಆದರೆ ಹೆರಿಗೆ ಗಡಿಯಾರ ನೋಡಿ ಆಗುವುದಿಲ್ಲವೆಂದು ಮಕ್ಕಳನ್ನು ಹೆತ್ತ ತಮಗೆ ನಾನು ಹೇಳಿಕೊಡಬೇಕೆ? ನಡುರಾತ್ರಿ ಬೆವರು ಒರೆಸಿ, ಕೈ ಹಿಡಿದು ಧೈರ್ಯ ಹೇಳಿದ ಒಬ್ಬ ದಾದಿಯ ಮುಖ ತಮಗೂ ನೆನಪಿದ್ದೀತು. ಅವಳೂ ಯಾರದೋ ಮನೆಯ ಸೊಸೆ. ಬೇಡವೆನ್ನುವ ಮೊದಲು ತಾವೇ ಒಂದು ಸಲ ಸೊಸೆಯೊಡನೆ ಆ ಆಸ್ಪತ್ರೆಗೆ ಹೋಗಿ ಬನ್ನಿ. ರಾತ್ರಿ ವೈದ್ಯರು ಒಳಗೇ ಇರುತ್ತಾರೆಯೇ, ಜೊತೆಗೆ ಇನ್ನೊಬ್ಬ ದಾದಿಯೋ ಆಯಾಳೋ ಇರುತ್ತಾಳೆಯೇ, ಚಿಲಕವಿರುವ ವಿಶ್ರಾಂತಿಯ ಕೋಣೆ ಇದೆಯೇ, ಪಾಳಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ, ಇವನ್ನು ವಿಚಾರಿಸಿರಿ. ಹಿರಿಯರು ಕೇಳಿದರೆ ನೇರವಾದ ಉತ್ತರ ಬರುತ್ತದೆ. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಆ ಜಾಗ ಬೇಡವೆನ್ನಿ, ಕೆಲಸವೇ ಬೇಡವೆನ್ನಬೇಡಿ. ಮಗನಿಗೂ ಹೇಳಿರಿ: ರಾತ್ರಿ ಪಾಳಿ ಮುಗಿಸಿ ಬಂದವಳು ಬೆಳಗಿನ ರೊಟ್ಟಿಗೆ ಹಿಟ್ಟು ನಾದಬೇಕಾದರೆ ಅದು ಎರಡು ನೌಕರಿಯಾಯಿತು.

ಮತ್ತೆ ಸೋದರಿಗೆ. ಮೊದಲ ಕೆಲಸ ಮನೆಗೆ ಹತ್ತಿರವಿರಲಿ. ಮಸ್ಕಿಯಲ್ಲಿ ನೂರಿನ್ನೂರು ರೂಪಾಯಿ ಹೆಚ್ಚು ಕೊಡುತ್ತಾರೆಂದು ಸಂಜೆಯ ಬಸ್ಸಿಗಾಗಿ ಕಾಯುವ ಕಷ್ಟವನ್ನು ಮೈಮೇಲೆ ಎಳೆದುಕೊಳ್ಳಬೇಡಿ. ಗದ್ದೆಗೆ ಕೀಟನಾಶಕ ಹೊಡೆಯುವ ದಿನಗಳಲ್ಲಿ ವಿಷವೇರಿ ಬರುವವರು, ಮಳೆಗಾಲದಲ್ಲಿ ಹಾವು ಕಚ್ಚಿಸಿಕೊಂಡು ಬರುವವರು ಇಂಥ ಸೀಮೆಯ ಆಸ್ಪತ್ರೆಗೆ ಹೊಸತಲ್ಲ. ಆ ಪಾಠಗಳ ಟಿಪ್ಪಣಿಯನ್ನು ಈಗಲೇ ಮತ್ತೊಮ್ಮೆ ತಿರುವಿಹಾಕಿರಿ. ಹಾಗೆಯೇ ಕಿವಿಯನ್ನೂ ಸಿದ್ಧಮಾಡಿಕೊಳ್ಳಿ. “ಮೈಯಾಗ ಆರಾಮಿಲ್ರಿ” ಎಂದೊಬ್ಬರು, “ಹೊಟ್ಟಿ ಬ್ಯಾನಿ” ಎಂದೊಬ್ಬರು ಬಂದಾರು. ಕ್ಯಾಂಪಿನಿಂದ ಬಂದ ಅಜ್ಜಿ ತೆಲುಗಿನಲ್ಲಿ, ತಾಂಡಾದಿಂದ ಬಂದ ಬಾಣಂತಿ ಲಂಬಾಣಿಯಲ್ಲಿ, ಇನ್ನೊಬ್ಬರು ಉರ್ದುವಿನಲ್ಲಿ, ಮತ್ತೊಬ್ಬರು ಬಂಗಾಳಿಯಲ್ಲಿ ತಮ್ಮ ಸಂಕಟ ಹೇಳಿಕೊಂಡಾರು. ನೋವು ಎಲ್ಲಿ, ಎಂದಿನಿಂದ, ಊಟವಾಯಿತೆ, ಉಸಿರು ಕಟ್ಟುತ್ತದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನು ಈ ನಾಲ್ಕು ಭಾಷೆಗಳಲ್ಲಿಯೂ ಕೇಳಲು ಕಲಿತು ಹೋದರೆ, ಸಂದರ್ಶನದಲ್ಲಿ ಕುಳಿತ ಡಾಕ್ಟರು ಅನುಭವದ ಮಾತನ್ನು ಮತ್ತೆ ಎತ್ತಲಾರರು. ಲಂಬಾಣಿಯ ನಾಲ್ಕು ಮಾತನ್ನು ನೆರೆಮನೆಯವರಿಂದ ಕಲಿಯಿರಿ. ತೆಲುಗು ಸಿಂಧನೂರಿನ ಸಂತೆಯಲ್ಲಿ ತಾನಾಗಿಯೇ ಬರುತ್ತದೆ.