ಕಾಯುವವನಿಗೂ ಒಂದು ಬಹುಮಾನ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ತಡೆದವನನ್ನು ನೆನೆಯುವವರು ವಿರಳ. ಪತ್ರಿಕೆಯವರಾದ ನಾವೂ ಈ ತಪ್ಪಿಗೆ ಹೊರತಲ್ಲ. ಜಪಾನಿನ ನಿವೃತ್ತ ರಕ್ಷಣಾ ಆಟಗಾರ ಮಸಾಮಿ ಇಹಾರಾ ಅವರ ಕ್ರೀಡಾಜೀವನ ನಮ್ಮ ಕಣ್ಣು ತೆರೆಸುವಂತಹದು.

1993ರ ಅಕ್ಟೋಬರ್ 28ರಂದು ದೋಹಾದಲ್ಲಿ ಇರಾಕಿನೆದುರು 2-1ರಿಂದ ಮುಂದಿದ್ದ ಜಪಾನ್, ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟಿತು. ಮೊದಲ ವಿಶ್ವಕಪ್ ಪ್ರವೇಶ ಕೈತಪ್ಪಿತು. ಅಂದು ರಕ್ಷಣಾ ಸಾಲಿನಲ್ಲಿದ್ದ ಇಹಾರಾ ಎದೆಗುಂದಲಿಲ್ಲ. 1995ರಲ್ಲಿ ಏಷ್ಯಾದ ಶ್ರೇಷ್ಠ ಆಟಗಾರರೆನಿಸಿದರು. 1997ರ ನವೆಂಬರಿನಲ್ಲಿ ಜೋಹೋರ್ ಬಾರುವಿನಲ್ಲಿ ಜಪಾನ್ ಇರಾನನ್ನು 3-2ರಿಂದ ಸೋಲಿಸಿತು. 1998ರಲ್ಲಿ ಫ್ರಾನ್ಸಿನ ವಿಶ್ವಕಪ್‌ಗೆ ತಂಡವನ್ನು ಕರೆದೊಯ್ದ ನಾಯಕ ಇವರೇ. ಅಲ್ಲಿ ಮೂರೂ ಪಂದ್ಯ ಸೋತರೂ ಬಿಟ್ಟುಕೊಟ್ಟ ಗೋಲು ನಾಲ್ಕೇ. ದೇಶಕ್ಕಾಗಿ ಅವರು ಆಡಿದ 122 ಪಂದ್ಯಗಳ ದಾಖಲೆಯನ್ನು 2012ರವರೆಗೆ ಯಾವ ಜಪಾನೀಯನೂ ಮೀರಲಿಲ್ಲ. ತಾಯ್ನಾಡಿನಲ್ಲೇ ನಡೆದ 2002ರ ವಿಶ್ವಕಪ್ ತಂಡದಲ್ಲಿ ಮಾತ್ರ ಅವರಿಗೆ ಸ್ಥಾನವಿರಲಿಲ್ಲ. ಅದೇ ವರ್ಷ ಆಟದಿಂದ ನಿವೃತ್ತರಾದರು.

ಇದ್ದುದನ್ನು ಉಳಿಸಿಕೊಳ್ಳುವುದೂ ಗಳಿಕೆಯೇ. ಗಡಿನಾಡಿನ ಕನ್ನಡಿಗರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಶಾಲೆಗಳ ಪಂದ್ಯಗಳಲ್ಲಿ ಗೋಲು ಹೊಡೆದ ಹುಡುಗನನ್ನು ಹೆಗಲ ಮೇಲೆ ಹೊರುತ್ತೇವೆ. ಅದು ಸರಿಯೇ. ಆದರೆ ಕೊನೆಯವರೆಗೂ ಕಾದು ನಿಂತ ಹುಡುಗನಿಗೂ ಈ ವರ್ಷದಿಂದ ಒಂದು ಬಹುಮಾನವಿರಲಿ. ಅವನ ಹೆಸರನ್ನು ಕಳುಹಿಸಿಕೊಡಿ. ನಾವು ಅಚ್ಚು ಹಾಕುತ್ತೇವೆ.